ಎರಡನೆಯ ಪರದೆ

2009ರ ರಾಜ್ಯೋತ್ಸವಕ್ಕೆ ಪುಣೆಯ ನಮ್ಮ ಗೆಳೆಯರ ಬಳಗ ಗದಾಯುದ್ಧದ ಪ್ರಸಂಗವೊಂದನ್ನು ಆಡಿತ್ತು. ದುರ್ಯೋಧನನಾಗಿದ್ದವರು ಗದಗ ಕಡೆಯ, ಎಪ್ಪತ್ತು ದಾಟಿದ ಕಾಕಾ. ಮಾರ್ಕೆಟ್ ಯಾರ್ಡ್‌ಗೆ ಈರುಳ್ಳಿ ಲಾರಿಗಳು ಬರುವ ನಡುರಾತ್ರಿಯವರೆಗೆ ಕೂತು ಅದರ ವಿಡಿಯೋ ಎಡಿಟ್ ಮಾಡಿದೆ. ಲ್ಯಾಪ್‌ಟಾಪಿನಲ್ಲಿ ಎಲ್ಲವೂ ಚೆನ್ನಾಗಿತ್ತು. ಖುಷಿಯಲ್ಲಿ ಅದೇ ಟೇಪಿನ ಮೇಲೆ ಬೇರೇನನ್ನೋ ಚಿತ್ರಿಸಿಕೊಂಡೆ. ಆಮೇಲೆ ಡಿವಿಡಿಯನ್ನು ಕಾಕಾ ಮನೆಯ ಟಿವಿಗೆ ಹಾಕಿದರೆ, ಗದೆ ಬೀಸಿದಾಗಲೆಲ್ಲ ಕೈ ಮುಂದೆ ಹೋಗಿ ಹಿಂದೆ ಬಂದು ನಡುಗುತ್ತಿತ್ತು. “ನನಗ ಅಷ್ಟ್ ವಯಸ್ಸಾಗೇತೇನೋ ತಮ್ಮಾ?” ಎಂದು ಕಾಕಾ ನಕ್ಕರು.

ಎಡಿಟ್ ಮಾಡುವ ಪರದೆಯೇ ಬೇರೆ, ನೋಡುವ ಪರದೆಯೇ ಬೇರೆ ಎಂಬುದು ಹಳೆಯ ಪಾಠ. ನಮ್ಮ ಮನೆಯಿಂದ ಸ್ಕೂಟರಿನಲ್ಲಿ ಸ್ವಲ್ಪ ದೂರ ಹೋದರೆ, 1933ರಲ್ಲಿ ಕೊಲ್ಹಾಪುರದಿಂದ ಪುಣೆಗೆ ಬಂದ ಪ್ರಭಾತ್ ಸ್ಟುಡಿಯೋದ ಆವರಣ ಸಿಗುತ್ತದೆ. 1960ರಲ್ಲಿ ಅಲ್ಲೇ ಫಿಲ್ಮ್ ಇನ್‌ಸ್ಟಿಟ್ಯೂಟ್ ಶುರುವಾಯಿತು. ಗಿರೀಶ ಕಾರ್ನಾಡರು 1974–75ರಲ್ಲಿ ಅದರ ನಿರ್ದೇಶಕರಾಗಿದ್ದರು. ಅಲ್ಲಿ ಕಲಿತು ಹೊರಬಂದ ಗಿರೀಶ ಕಾಸರವಳ್ಳಿಯವರು 1977ರಲ್ಲಿ ‘ಘಟಶ್ರಾದ್ಧ’ ಮಾಡಿದರು. ಆ ಕಾಲದ ಸಂಕಲನಕಾರರು ಮೂವಿಯೋಲಾ ಅಥವಾ ಸ್ಟೀನ್‌ಬೆಕ್ ಯಂತ್ರದ ಪುಟ್ಟ ಪರದೆಯಲ್ಲಿ ನೋಡುತ್ತ ಫಿಲ್ಮ್ ಕತ್ತರಿಸಿ ಅಂಟಿಸುತ್ತಿದ್ದರು. 1924ರಲ್ಲಿ ಬಂದ ಮೂವಿಯೋಲಾದಲ್ಲಂತೂ ಒಬ್ಬರು ಬಗ್ಗಿ ಇಣುಕುವಷ್ಟೇ ಜಾಗ. ಆದ್ದರಿಂದ ಕತ್ತರಿಸಿದ್ದನ್ನು ಥಿಯೇಟರಿನಲ್ಲಿ ದೊಡ್ಡದಾಗಿ ಓಡಿಸಿ ನೋಡಿದ ಮೇಲೆಯೇ ತೀರ್ಮಾನ.

ವಿಡಿಯೋ ಬಂದಾಗ ಥಿಯೇಟರಿನ ಜಾಗಕ್ಕೆ ಮೇಜಿನ ಮೇಲಿನ ಟಿವಿ ಮಾನಿಟರ್ ಬಂತು. ಡಿವಿ ಕ್ಯಾಮೆರಾ ಕಾಲದಲ್ಲಿ ಇದು ಸುಲಭವಿತ್ತು. ಸೆಕೆಂಡಿಗೆ 25 ಮೆಗಾಬಿಟ್‌ನ ಡಿವಿ ವಿಡಿಯೋ ಫೈರ್‌ವೈರ್ ತಂತಿಯಲ್ಲಿ ಕ್ಯಾಮೆರಾಗೆ ಹೋಗಿ, ಅಲ್ಲಿಂದ ಟಿವಿಗೆ ಹೋಗುತ್ತಿತ್ತು.

ಎಚ್‌ಡಿ ಬಂದು ಈ ದಾರಿ ಮುಚ್ಚಿತು. ಹಳೆಯ ಪಾಲ್ ಚಿತ್ರದಲ್ಲಿ 720×576, ಅಂದರೆ 4,14,720 ಬಿಂದುಗಳು. 1920×1080ರಲ್ಲಿ 20,73,600, ಸರಿಯಾಗಿ ಐದು ಪಟ್ಟು. ಕುಗ್ಗಿಸದ ಎಚ್‌ಡಿಯನ್ನು ಒಯ್ಯುವ ಸ್ಟುಡಿಯೋ ತಂತಿಯ ವೇಗ ಸೆಕೆಂಡಿಗೆ 1.485 ಗಿಗಾಬಿಟ್. ನಾನು ಬಳಸಿದ ಎಚ್‌ಡಿವಿ ಟೇಪು ಹಲವು ಫ್ರೇಮ್‌ಗಳನ್ನು ಒಟ್ಟಿಗೆ ಕುಗ್ಗಿಸಿ 25 ಮೆಗಾಬಿಟ್‌ಗೆ ಇಳಿಸುತ್ತಿತ್ತು. ಎಡಿಟ್ ಮಾಡುತ್ತಲೇ ಅದನ್ನು ಮತ್ತೆ ಕುಗ್ಗಿಸಿ ಹೊರಗೆ ಕಳಿಸುವುದು ಅಂದಿನ ಲ್ಯಾಪ್‌ಟಾಪಿನ ಕೈಲಾಗದ ಕೆಲಸ. ಅದಕ್ಕೆ ಬೇರೆ ಕಾರ್ಡು, ಬೇರೆ ಮಾನಿಟರ್ ಬೇಕು. ಅಷ್ಟು ದುಡ್ಡು ನನ್ನಲ್ಲಿರಲಿಲ್ಲ.

ಇಂಟರ್‌ಲೇಸ್ ವಿಡಿಯೋದಲ್ಲಿ ಸೆಕೆಂಡಿಗೆ 50 ಅರ್ಧಚಿತ್ರಗಳು: ಒಮ್ಮೆ ಬೆಸ ಗೆರೆಗಳು, ಒಮ್ಮೆ ಸಮ ಗೆರೆಗಳು. ಎಚ್‌ಡಿಯಲ್ಲಿ ಮೇಲಿನ ಗೆರೆಯ ಸರದಿ ಮೊದಲು, ಪಾಲ್ ಡಿವಿಯಲ್ಲಿ ಕೆಳಗಿನದು. ನಾನು ತಪ್ಪು ಸರದಿ ಆರಿಸಿದ್ದೆ. ಲ್ಯಾಪ್‌ಟಾಪಿನ ಚಿಕ್ಕ ಕಿಟಕಿ ಒಂದೇ ಅರ್ಧವನ್ನು ತೋರಿಸುತ್ತಿದ್ದುದರಿಂದ ತಪ್ಪು ಕಾಣಲೇ ಇಲ್ಲ. ಟಿವಿ ಎರಡನ್ನೂ ತೋರಿಸಿತು, ಕಾಲ ಹಿಂದುಮುಂದಾಯಿತು.

ಕಾಕಾ ಈಗಿಲ್ಲ. ಮೊನ್ನೆ ಎಚ್‌ಡಿಎಂಐ ಪೆಟ್ಟಿಗೆಯೊಂದನ್ನು ತಂದು, ಆ ಡಿವಿಡಿಯನ್ನು ಟಿವಿಯಲ್ಲೇ ನೋಡುತ್ತ ಸರದಿ ಸರಿಪಡಿಸಿದೆ. ಕೈಯ ನಡುಕ ನಿಂತಿತು. ಆದರೆ ಎಚ್‌ಡಿವಿಯ 1440×1080ರಲ್ಲಿ ಉಳಿದದ್ದು ಕಾಲು ಪಾಲಿಗಿಂತ ತುಸು ಹೆಚ್ಚು ಬಿಂದುಗಳು. ಮುಖ ಹತ್ತಿರ ತಂದರೆ ಕಣ್ಣು ಮಸುಕು.

ಊರಿಗೆ ಹೋದಾಗ ಅಜ್ಜಿಯನ್ನೋ ಅಪ್ಪನನ್ನೋ ಚಿತ್ರಿಸಿ ತರುವವರಿಗೆ ನನ್ನದೊಂದೇ ಮಾತು: ಮನೆಯವರ ಟಿವಿಯಲ್ಲಿ ಪೂರ್ತಿ ನೋಡುವ ತನಕ ಮೂಲವನ್ನು ಅಳಿಸಬೇಡಿ.