ಚಲಾವಣೆಯಲ್ಲಿ ಉಳಿದ ಹಳೆಯ ನಾಣ್ಯಗಳು: ಮೈಸೂರು ಸೀಮೆಯನ್ನು ಮುಖ್ಯವಾಗಿಟ್ಟುಕೊಂಡು ಒಂದು ವಿಚಾರ

ನಾಣ್ಯಗಳನ್ನು ಕುರಿತು ನಮ್ಮಲ್ಲಿ ನಡೆದಿರುವ ಸಂಶೋಧನೆಯು ಬಹುಮಟ್ಟಿಗೆ ನಾಣ್ಯದ ಹುಟ್ಟನ್ನೇ ಕುರಿತದ್ದಾಗಿದೆ. ಯಾವ ಅರಸನು, ಯಾವ ಟಂಕಸಾಲೆಯಲ್ಲಿ, ಯಾವ ಲಾಂಛನದೊಡನೆ ಅದನ್ನು ಅಚ್ಚು ಹಾಕಿಸಿದನೆಂಬುದು ನಿರ್ಣಯವಾದೊಡನೆ ಕೆಲಸ ಮುಗಿಯಿತೆಂದು ಭಾವಿಸುವುದು ವಾಡಿಕೆ. ಟಂಕಸಾಲೆಯಿಂದ ಹೊರಬಿದ್ದ ಮೇಲೆ ಆ ನಾಣ್ಯವು ಎಷ್ಟು ಕಾಲ ಕೈಯಿಂದ ಕೈಗೆ ಸಾಗಿತು, ಅದನ್ನು ಹೊರಡಿಸಿದ ಅರಸನು ಗತಿಸಿ ಅವನ ವಂಶವೇ ಅಳಿದ ಮೇಲೆಯೂ ಸಂತೆಯಲ್ಲಿ ಉಪ್ಪು ಎಣ್ಣೆಗಳಿಗೆ ಸಲ್ಲುತ್ತಿತ್ತೇ ಇಲ್ಲವೇ ಎಂಬ ಪ್ರಶ್ನೆಗಳನ್ನು ಕೇಳಿದವರು ವಿರಳ. ಈ ಪ್ರಶ್ನೆಗಳು ಕೇವಲ ಕುತೂಹಲದವಲ್ಲ. ನೆಲದ ಪದರಗಳಿಗೆ ಕಾಲವನ್ನು ಹೇಳುವಾಗ ನಾವು ನಾಣ್ಯವನ್ನು ಸಾಕ್ಷಿಯಾಗಿ ಕರೆಯುತ್ತೇವೆ. ಸಾಕ್ಷಿಯ ವಯಸ್ಸನ್ನು ವಿಚಾರಿಸದೆ ಅವನ ಮಾತನ್ನು ನಂಬುವುದು ಯುಕ್ತವಲ್ಲ.

ಚಿತ್ರದುರ್ಗದ ಬಳಿಯ ಚಂದ್ರವಳ್ಳಿಯನ್ನೇ ನೋಡಬಹುದು. ಅಲ್ಲಿ ಡಾ. ಎಂ. ಎಚ್. ಕೃಷ್ಣರವರೂ, ಅನಂತರ ೧೯೪೭ರಲ್ಲಿ ಮಾರ್ಟಿಮರ್ ವೀಲರ್‌ರವರೂ ಉತ್ಖನನ ನಡೆಸಿದರು. ಅಲ್ಲಿ ದೊರೆತ ರೋಮನ್ ಬೆಳ್ಳಿಯ ದೆನಾರಿಯಸ್ ನಾಣ್ಯಗಳಲ್ಲಿ ತಿಬೇರಿಯಸ್ ಚಕ್ರವರ್ತಿಯವು ಸೇರಿವೆ. ತಿಬೇರಿಯಸನು ಆಳಿದ್ದು ಕ್ರಿ.ಶ. ೧೪ರಿಂದ ೩೭ರವರೆಗೆ. ಈ ನಾಣ್ಯಗಳನ್ನೂ, ಅರಿಕಮೇಡಿನಲ್ಲಿ ಕಾಲನಿರ್ಣಯವಾಗಿದ್ದ ಮಡಕೆಗಳ ಹೋಲಿಕೆಯನ್ನೂ ಆಧರಿಸಿ ವೀಲರ್‌ರವರು ಇಲ್ಲಿನ ಸಾತವಾಹನ ಪದರಗಳ ಆರಂಭವನ್ನು ಕ್ರಿ.ಶ. ಒಂದನೆಯ ಶತಮಾನದ ನಡುವಿಗೆ ನಿಲ್ಲಿಸಿದರು. ಬ್ರಹ್ಮಗಿರಿಯ ಬೃಹತ್ ಶಿಲಾಸಮಾಧಿಗಳ ಕಾಲವನ್ನು ಅಲ್ಲಿಂದ ಹಿಂದಕ್ಕೆ ಎಣಿಸಿ ಕ್ರಿ.ಪೂ. ೨೦೦ರ ಸುಮಾರಿಗೆ ಒಯ್ದರು. ದಕ್ಷಿಣ ಭಾರತದ ಪ್ರಾಗಿತಿಹಾಸವು ಬಹುಕಾಲ ಈ ಲೆಕ್ಕದ ಮೇಲೆ ನಿಂತಿತ್ತು. ಮುಂದೆ ಹಳ್ಳೂರಿನ ಉತ್ಖನನದಿಂದ ದೊರೆತ ಇಂಗಾಲದ ಕಾಲಮಾನವು ಕಬ್ಬಿಣದ ಬಳಕೆಯನ್ನು ಕ್ರಿ.ಪೂ. ೧೦೦೦ದ ಸುಮಾರಿಗೆ ಒಯ್ದಾಗ ಆ ಲೆಕ್ಕದ ಮೇಲ್ತುದಿ ಸಡಿಲಿತು. ಅದು ನಾಣ್ಯದ ದೋಷವಲ್ಲ, ಬೇರೆ ಸಾಕ್ಷ್ಯದ ಫಲ. ಆದರೆ ಕೆಳತುದಿಯ ಪ್ರಶ್ನೆ ನಾಣ್ಯದ್ದೇ. ತಿಬೇರಿಯಸನ ನಾಣ್ಯವು ಸಿಕ್ಕಿದ ಪದರವು ಕ್ರಿ.ಶ. ೧೪ಕ್ಕಿಂತ ಹಿಂದಿನದಲ್ಲ ಎಂಬಷ್ಟನ್ನು ಮಾತ್ರ ಆ ನಾಣ್ಯವು ಖಚಿತವಾಗಿ ಹೇಳುತ್ತದೆ. ಎಷ್ಟು ಈಚಿನದೆಂಬ ವಿಷಯದಲ್ಲಿ ಅದು ಮೌನವಾಗಿದೆ. ೧೮೯೧ರಲ್ಲಿ ಬೆಂಗಳೂರಿನ ಬಳಿಯ ಯಶವಂತಪುರದಲ್ಲಿ ದೊರೆತ ೧೬೩ ದೆನಾರಿಯಸ್‌ಗಳ ನಿಧಿಯಲ್ಲಿ ಒಬ್ಬರಿಗಿಂತ ಹೆಚ್ಚು ಚಕ್ರವರ್ತಿಗಳ ನಾಣ್ಯಗಳು ಒಟ್ಟಿಗಿದ್ದುವೆಂಬುದನ್ನು ನೆನೆದರೆ, ಹೂಳುವ ಹೊತ್ತಿಗಾಗಲೇ ಕೆಲವು ನಾಣ್ಯಗಳು ಹಳೆಯವಾಗಿದ್ದುವೆಂಬುದು ಸ್ಪಷ್ಟವಾಗುತ್ತದೆ.

ಹಾಗಾದರೆ ನಾಣ್ಯದ ಆಯುಸ್ಸೆಷ್ಟು? ಇದನ್ನು ಊಹೆಯಿಂದಲ್ಲದೆ ಎಣಿಕೆಯಿಂದ ತಿಳಿಯಲು ಮೊದಲು ದಾರಿ ತೋರಿದವರಲ್ಲಿ ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ವಿಲಿಯಂ ಸ್ಟ್ಯಾನ್ಲಿ ಜೆವನ್ಸ್ ಪ್ರಮುಖನು. ೧೮೬೮ರಲ್ಲಿ ಆತನು ಬ್ಯಾಂಕುಗಳ ನೆರವಿನಿಂದ, ಜನರ ಕೈಯಲ್ಲಿ ಓಡಾಡುತ್ತಿದ್ದ ಚಿನ್ನದ ನಾಣ್ಯಗಳನ್ನು ಇಸವಿಯ ಪ್ರಕಾರ ವಿಂಗಡಿಸಿ ಎಣಿಸಿದನು. ಸವರನ್ನುಗಳಲ್ಲಿ ಸುಮಾರು ಮೂರನೆಯ ಒಂದು ಭಾಗವೂ, ಅರ್ಧ ಸವರನ್ನುಗಳಲ್ಲಿ ಹೆಚ್ಚುಕಡಮೆ ಅರ್ಧದಷ್ಟೂ ಸವೆದು ಶಾಸನಬದ್ಧವಾದ ತೂಕಕ್ಕಿಂತ ಕೆಳಗಿಳಿದಿದ್ದುವೆಂದು ಕಂಡುಕೊಂಡನು. ಇದೇ ಮಾದರಿಯ ರೂಪಾಯಿ ಗಣತಿಯೊಂದು ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಭಾರತದ ಸರಕಾರಿ ಖಜಾನೆಗಳಲ್ಲಿ ವರ್ಷವರ್ಷವೂ ನಡೆಯುತ್ತಿತ್ತು. ನಿಗದಿಯಾದಷ್ಟು ರೂಪಾಯಿಗಳನ್ನು ಚೀಲದಿಂದ ಸುರಿದು, ಯಾವ ಇಸವಿಯವು ಎಷ್ಟೆಂದು ಗುಮಾಸ್ತರು ಬರೆದಿಡುತ್ತಿದ್ದರು. ಇದನ್ನು ಆಧಾರವಾಗಿಟ್ಟುಕೊಂಡು ಎಫ್. ಸಿ. ಹ್ಯಾರಿಸನ್ ದೇಶದಲ್ಲಿ ಚಲಾವಣೆಯಲ್ಲಿದ್ದ ರೂಪಾಯಿಗಳ ಮೊತ್ತವನ್ನು ಲೆಕ್ಕಹಾಕಿದನು. ೧೯೧೩ರಲ್ಲಿ ಕೇನ್ಸ್ ತನ್ನ ಭಾರತದ ಹಣದ ವ್ಯವಸ್ಥೆಯನ್ನು ಕುರಿತ ಗ್ರಂಥದಲ್ಲಿ ಆ ಲೆಕ್ಕವನ್ನು ಚರ್ಚಿಸಿದನು. ಚಿಲ್ಲರೆಯ ಚೀಲವನ್ನು ಐತಿಹಾಸಿಕ ದಾಖಲೆಯೆಂದು ಓದಿದ ಉದಾಹರಣೆಗಳಲ್ಲಿ ಇದಕ್ಕೆ ಮಿಗಿಲಾದುದು ನಮ್ಮ ದೇಶದಲ್ಲಿ ಇನ್ನೊಂದಿಲ್ಲವೆಂದೇ ನಮ್ಮ ಭಾವನೆ.

ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ನಾಣ್ಯದ ಮೇಲಿನ ಇಸವಿಯೂ ಕೆಲವೊಮ್ಮೆ ನಂಬತಕ್ಕದ್ದಲ್ಲ. ೧೮೩೫ರ ಕಾಯಿದೆಯಿಂದ ಕಂಪನಿಯ ಆಡಳಿತದ ಸೀಮೆಗಳಿಗೆಲ್ಲ ೧೮೦ ಗ್ರೇನ್ ತೂಕದ ಒಂದೇ ರೂಪಾಯಿ ಬಂದಿತಷ್ಟೆ. ವಿಕ್ಟೋರಿಯಾ ರಾಣಿಯ ಮುಖವುಳ್ಳ ೧೮೪೦ರ ರೂಪಾಯಿಯನ್ನು ಆ ವರ್ಷವೊಂದರಲ್ಲಿಯೇ ಅಲ್ಲದೆ ಮುಂದಿನ ಎರಡು ದಶಕಗಳವರೆಗೂ ಅದೇ ಇಸವಿಯಿಂದ ಅಚ್ಚು ಹಾಕಿದರು. ೧೮೬೨ರ ಇಸವಿಯ ರೂಪಾಯಿಯೂ ಹಾಗೆಯೇ ೧೮೭೪ರವರೆಗೆ ಹೊರಬೀಳುತ್ತಿತ್ತು. ಗಣತಿಯ ಗುಮಾಸ್ತನು ೧೮೬೨ ಎಂದು ಬರೆದುಕೊಂಡ ರೂಪಾಯಿಯು ನಿಜವಾಗಿ ಹನ್ನೆರಡು ವರ್ಷ ಚಿಕ್ಕದಾಗಿರಬಹುದಾಗಿತ್ತು. ಆಧುನಿಕ ಯಂತ್ರದಿಂದ ಹೊರಟ, ಅಂಕೆಯನ್ನು ಹೊತ್ತ ನಾಣ್ಯದ ಗತಿಯೇ ಇದಾದರೆ ಇಸವಿಯೇ ಇಲ್ಲದ ನಮ್ಮ ಪ್ರಾಚೀನ ನಾಣ್ಯಗಳ ವಿಷಯವನ್ನು ಬೇರೆ ಹೇಳಬೇಕಾಗಿಲ್ಲ.

ಈಗ ಮೈಸೂರು ಸೀಮೆಗೆ ಬರೋಣ. ಶ್ರೀರಂಗಪಟ್ಟಣವು ಬಿದ್ದ ಮರುವರ್ಷ, ೧೮೦೦ರಲ್ಲಿ, ಫ್ರಾನ್ಸಿಸ್ ಬುಕಾನನ್ ಈ ಸೀಮೆಯಲ್ಲಿ ಸಂಚರಿಸಿ ಪೇಟೆಗಳಲ್ಲಿ ಸಲ್ಲುತ್ತಿದ್ದ ನಾಣ್ಯಗಳನ್ನೂ ಅವುಗಳ ವಿನಿಮಯದ ದರವನ್ನೂ ಬರೆದಿಟ್ಟನು. ೧೮೦೭ರಲ್ಲಿ ಪ್ರಕಟವಾದ ಆತನ ಗ್ರಂಥವನ್ನು ಕೃಷಿಗಾಗಿಯೂ ಜಾತಿಗಳ ವಿವರಕ್ಕಾಗಿಯೂ ಓದುವವರು ಅನೇಕರು. ನಾಣ್ಯಗಳಿಗಾಗಿ ಓದುವವರು ಕಡಮೆ. ಅಲ್ಲಿ ಇಕ್ಕೇರಿ ವರಹ, ಬಹಾದ್ದೂರಿ ವರಹ, ಸುಲ್ತಾನಿ ವರಹ, ಕಂಠೀರಾಯ ಹಣ ಎಂಬ ಹೆಸರುಗಳು ಒಂದರ ಪಕ್ಕದಲ್ಲಿ ಒಂದು ಬರುತ್ತವೆ. ಇಕ್ಕೇರಿಯ ಅರಸುತನವು ೧೭೬೩ರಲ್ಲಿ ಹೈದರನಿಂದ ಅಳಿಯಿತು. ಬಹಾದ್ದೂರಿಯನ್ನು ಹೊರಡಿಸಿದ ಹೈದರನು ೧೭೮೨ರಲ್ಲಿ ತೀರಿಕೊಂಡನು. ಸುಲ್ತಾನಿಯನ್ನು ಹೊರಡಿಸಿದ ಟಿಪ್ಪುವು ಹಿಂದಿನ ವರ್ಷವಷ್ಟೇ ಯುದ್ಧದಲ್ಲಿ ಮಡಿದಿದ್ದನು. ಕಂಠೀರವ ನರಸರಾಜ ಒಡೆಯನಂತೂ ೧೬೩೮ರಿಂದ ೧೬೫೯ರವರೆಗೆ ಆಳಿದವನು. ಅರಸುಗಳು ಒಬ್ಬರನ್ನೊಬ್ಬರು ಸೋಲಿಸಿದರು, ಸ್ಥಾನಭ್ರಷ್ಟರನ್ನಾಗಿ ಮಾಡಿದರು. ಅವರ ನಾಣ್ಯಗಳು ಮಾತ್ರ ಒಬ್ಬ ಶೆಟ್ಟಿಯ ಗಲ್ಲೆಯಲ್ಲಿ ಜಗಳವಿಲ್ಲದೆ ಒಟ್ಟಿಗಿದ್ದುವು.

ಕಂಠೀರಾಯ ಹಣದ ವಿಚಾರವು ವಿಶೇಷವಾಗಿ ಗಮನಾರ್ಹವಾದುದು. ನರಸಿಂಹನ ಮೂರ್ತಿಯುಳ್ಳ ಈ ಚಿನ್ನದ ನಾಣ್ಯವು ಅರ್ಧ ಗ್ರಾಂಗಿಂತಲೂ ಹಗುರವಾದುದು; ಹುಣಸೆಯ ಬೀಜಕ್ಕಿಂತ ಚಿಕ್ಕದು. ಇಂಥ ಹತ್ತು ಹಣಗಳಿಗೆ ಒಂದು ಕಂಠೀರಾಯ ವರಹವೆಂದು ಲೆಕ್ಕ. ಆದರೆ ಕಂಠೀರಾಯ ವರಹವೆಂಬುದು ಲೆಕ್ಕದ ಪುಸ್ತಕದಲ್ಲಿದ್ದ ಹೆಸರೇ ಹೊರತು ಕೈಗೆ ಸಿಕ್ಕುವ ನಾಣ್ಯವಾಗಿರಲಿಲ್ಲ. ಇಲ್ಲದ ನಾಣ್ಯದಲ್ಲಿ ಒಂದು ಸಂಸ್ಥಾನವು ತನ್ನ ಕಂದಾಯವನ್ನು ಹತ್ತೊಂಬತ್ತನೆಯ ಶತಮಾನದವರೆಗೂ ಎಣಿಸುತ್ತಿತ್ತೆಂದರೆ ಹಳೆಯ ನಾಣ್ಯದ ಮೇಲಣ ಜನರ ನಂಬಿಕೆಯ ಆಳವನ್ನು ಊಹಿಸಿಕೊಳ್ಳಬಹುದು.

ಇಕ್ಕೇರಿ ವರಹದ ಮುಖವು ಇನ್ನೂ ದೀರ್ಘಾಯುವಾದುದು. ವಿಜಯನಗರದ ಸದಾಶಿವರಾಯನ ಕಾಲದ ಶಿವಪಾರ್ವತಿಯರ ಅಚ್ಚನ್ನು ಕೆಳದಿಯ ನಾಯಕರು ಮುಂದುವರಿಸಿದರು. ಬಿದನೂರನ್ನು ಗೆದ್ದ ಹೈದರನು ಅದನ್ನು ಅಳಿಸಲಿಲ್ಲ. ಮುಂಭಾಗದಲ್ಲಿ ಶಿವಪಾರ್ವತಿಯರನ್ನು ಹಾಗೆಯೇ ಉಳಿಸಿ, ಹಿಂಭಾಗದಲ್ಲಿ ತನ್ನ ಹೆಸರಿನ ಮೊದಲ ಪಾರಸಿ ಅಕ್ಷರವೊಂದನ್ನು ಮಾತ್ರ ಇರಿಸಿದನು. ಟಿಪ್ಪುವು ದೇವತಾಮೂರ್ತಿಯನ್ನು ತೆಗೆದು ಪಾರಸಿ ಲೇಖನವನ್ನು ತಂದನು. ಮುಮ್ಮಡಿ ಕೃಷ್ಣರಾಜ ಒಡೆಯರ ವರಹದಲ್ಲಿ ಶಿವಪಾರ್ವತಿಯರು ಮರಳಿ ಬಂದರು, ಹಿಂಭಾಗದಲ್ಲಿ ನಾಗರಿ ಲಿಪಿಯ ಶ್ರೀ ಕೃಷ್ಣರಾಜ ಎಂಬ ಹೆಸರಿನೊಡನೆ. ಇದನ್ನು ಹೈದರನ ಔದಾರ್ಯವೆಂದು ಕೊಂಡಾಡುವವರುಂಟು, ಕೇವಲ ಚಾಣಾಕ್ಷತೆಯೆಂದು ತಳ್ಳಿಹಾಕುವವರೂ ಉಂಟು. ನಮಗೆ ತೋರುವಂತೆ ಇಲ್ಲಿ ಅರಸನಿಗಿಂತ ಚಿನಿವಾರನೇ ಪ್ರಬಲನು. ಪರಿಚಿತವಲ್ಲದ ಮುಖದ ನಾಣ್ಯಕ್ಕೆ ಆತನು ವಟ್ಟವನ್ನು ಹಿಡಿಯುತ್ತಾನೆ. ಪರಿಚಿತ ಮುಖವನ್ನು ಉಜ್ಜಿ ನೋಡಿ ಒಪ್ಪಿಕೊಳ್ಳುತ್ತಾನೆ. ತನ್ನ ನಾಣ್ಯವು ಪೂರ್ಣ ಬೆಲೆಗೆ ಸಲ್ಲಬೇಕೆಂಬ ಅರಸನು ಹಳೆಯ ಮುಖವನ್ನೇ ಹೊದಿಸಿ ಕಳಿಸುವುದು ಸಹಜ.

ಈ ಎಚ್ಚರವು ಹೊಸದೇನೂ ಅಲ್ಲ. ನಮ್ಮ ಶಾಸನಗಳಲ್ಲಿ ದತ್ತಿಯ ಮೊತ್ತವನ್ನು ಬರಿದೆ ಗದ್ಯಾಣವೆನ್ನದೆ ಲೊಕ್ಕಿಗದ್ಯಾಣ, ಬಾರಕೂರ ಗದ್ಯಾಣ ಎಂದು ಟಂಕಸಾಲೆಯ ಊರನ್ನು ಹಿಡಿದು ಹೆಸರಿಸಿರುವುದುಂಟು. ಊರಿನಲ್ಲಿ ಒಂದೇ ಬಗೆಯ ಹೊಸ ನಾಣ್ಯವಿದ್ದಿದ್ದರೆ ಹಾಗೆ ಹೆಸರಿಸಬೇಕಾದ ಪ್ರಮೇಯವೇ ಇರುತ್ತಿರಲಿಲ್ಲ.

ಚಿನ್ನವನ್ನು ಬಿಟ್ಟು ತಾಮ್ರಕ್ಕೆ ಬಂದರೆ ಆನೆಯ ದುಡ್ಡು ಎದುರಾಗುತ್ತದೆ. ಹೈದರನ ಕೊನೆಯ ವರ್ಷಗಳಲ್ಲಿ ಮೊದಲಾದ ಆನೆಯ ಲಾಂಛನವನ್ನು ಟಿಪ್ಪುವು ಪಟ್ಟಣ, ನಗರ ಮೊದಲಾದ ಟಂಕಸಾಲೆಗಳಲ್ಲಿ ವಿಪುಲವಾಗಿ ಬಳಸಿದನು. ಆತನು ಮುಂದೆ ಮೌಲೂದಿ ಶಕೆಯನ್ನು ಜಾರಿಗೆ ತಂದು ಅಂಕೆಗಳನ್ನು ಬಲದಿಂದ ಎಡಕ್ಕೆ ಬರೆಯಿಸಿದುದರಿಂದ, ಈ ನಾಣ್ಯಗಳ ವರ್ಷವನ್ನು ಹೊಸಬರು ತಲೆಕೆಳಗಾಗಿ ಓದುವುದುಂಟು. ತಾಮ್ರದ ನಾಣ್ಯಗಳಿಗೆ ಜೋಹ್ರ, ಬಹ್ರಾಮ್, ಅಖ್ತರ್, ಕುತ್ಬ್ ಎಂದು ಗ್ರಹನಕ್ಷತ್ರಗಳ ಹೆಸರುಗಳನ್ನಿಟ್ಟನು. ಕನ್ನಡದ ಆಡುಮಾತು ಅವುಗಳಲ್ಲಿ ಒಂದನ್ನೂ ಉಳಿಸಿಕೊಳ್ಳದೆ ದುಡ್ಡು, ಕಾಸು ಎಂದೇ ನಡೆಯಿತು. ಮುಮ್ಮಡಿ ಕೃಷ್ಣರಾಜರ ತಾಮ್ರದ ನಾಣ್ಯಗಳಲ್ಲಿಯೂ ಮೊದಲು ಆನೆಯೇ ಇದ್ದಿತು, ಅದರ ಮೇಲೆ ಸೂರ್ಯಚಂದ್ರರು ಬಂದರು. ಅನಂತರ ಶ್ರೀ ಎಂಬ ಅಕ್ಷರವೂ ಚಾಮುಂಡಿಯ ಹೆಸರೂ ಸೇರಿದುವು. ೧೮೩೧ರಲ್ಲಿ ಆಡಳಿತವು ಇಂಗ್ಲಿಷರ ಕೈಸೇರಿದ ಮೇಲೆ ಆನೆಯ ಬದಲು ಸಿಂಹವು ಕಾಣಿಸಿಕೊಂಡಿತು. ಮಯಿಲಿ ಕಾಸು ಇಪ್ಪತ್ತು ಎಂಬ ಬರಹವುಳ್ಳ ದುಡ್ಡುಗಳು ಈ ಸಾಲಿಗೆ ಸೇರಿದುವು. ೧೮೩೩ರಲ್ಲಿ ಬೆಂಗಳೂರಿಗೆ ವರ್ಗವಾದ ಟಂಕಸಾಲೆಯು ೧೮೪೩ರಲ್ಲಿ ಮುಚ್ಚಿತು. ನಾಣ್ಯಗಳು ಮಾತ್ರ ಅಂದೇ ಮಾಯವಾಗಲಿಲ್ಲ. ೧೯೦೯ರಲ್ಲಿ ಆರ್. ಪಿ. ಜಾಕ್ಸನ್ ಮೈಸೂರಿನ ನಾಣ್ಯಸಂಗ್ರಹಣವನ್ನು ಕುರಿತು ಲೇಖನ ಬರೆಯುವಷ್ಟು ಸಾಮಗ್ರಿಯು ಈ ಸೀಮೆಯಲ್ಲಿ ಉಳಿದಿತ್ತು.

ತಾಮ್ರವು ಉಳಿದು ಬೆಳ್ಳಿಯು ಮರೆಯಾಗುವುದಕ್ಕೆ ಕಾರಣವು ಸರಳವಾದುದು. ನಾಣ್ಯದೊಳಗಿನ ಲೋಹದ ಬೆಲೆಯು ಅದರ ಮುಖಬೆಲೆಯನ್ನು ಮೀರಿದೊಡನೆ ಅದು ಪೆಟ್ಟಿಗೆಯನ್ನೋ ಮೂಸೆಯನ್ನೋ ಸೇರುತ್ತದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಇದನ್ನು ದೇಶವೆಲ್ಲ ಕಂಡಿತು. ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿಯಿದ್ದ ರೂಪಾಯಿಗೆ ಬದಲಾಗಿ ೧೯೪೦ರಲ್ಲಿ ಅರ್ಧ ಬೆಳ್ಳಿಯ ರೂಪಾಯಿಯನ್ನು ತಂದರು. ವಿಕ್ಟೋರಿಯಾ, ಎಡ್ವರ್ಡ್, ಜಾರ್ಜರ ಹಳೆಯ ಬೆಳ್ಳಿಯ ರೂಪಾಯಿಗಳನ್ನು ೧೯೪೧ರಿಂದ ೧೯೪೩ರೊಳಗೆ ಸರದಿಯಂತೆ ಚಲಾವಣೆಯಿಂದ ಹಿಂತೆಗೆದುಕೊಂಡರು. ೧೯೪೭ರಲ್ಲಿ ರೂಪಾಯಿಯು ಪೂರ್ತಿ ನಿಕಲ್ಲಿನದಾಯಿತು. ಒಂದು ಶತಮಾನ ಕಾಲ ಸಂತೆಯಲ್ಲಿ ಓಡಾಡಿದ ರಾಣಿಯ ರೂಪಾಯಿಯು ಕೆಲವೇ ವರ್ಷಗಳಲ್ಲಿ ಚಿಲ್ಲರೆಯಿಂದ ಮರೆಯಾಗಿ ಮದುವೆಯ ಮನೆಯ ಬೆಳ್ಳಿಯಾಯಿತು.

೧೯೫೭ರ ಏಪ್ರಿಲ್ ೧ರಂದು ದಶಮಾಂಶ ನಾಣ್ಯಪದ್ಧತಿ ಬಂದಾಗ ನಡೆದುದು ಬೇರೆ ಬಗೆಯದು. ಅರವತ್ತನಾಲ್ಕು ಹಳೆಯ ಕಾಸುಗಳಿಗೆ ನೂರು ನಯಾಪೈಸೆ ಎಂಬುದು ಕಾಯಿದೆಯ ದರ. ಒಂದು ವ್ಯವಹಾರದಲ್ಲಿ ಕೊಟ್ಟ ಹಳೆಯ ನಾಣ್ಯಗಳ ಮೊತ್ತವನ್ನು ಹತ್ತಿರದ ನಯಾಪೈಸೆಗೆ ಸರಿಹೊಂದಿಸಬೇಕು; ಎರಡೂ ಕಡೆಗೆ ಸಮಾನ ದೂರವಿದ್ದರೆ ಕೆಳಗಿನದನ್ನು ಹಿಡಿಯಬೇಕು. ಅದರಂತೆ ಕಾಲಾಣೆಯೊಂದಕ್ಕೆ ಎರಡು, ಒಂದಾಣೆಗೆ ಆರು, ಎರಡಾಣೆಗೆ ಹನ್ನೆರಡು ನಯಾಪೈಸೆ. ನಾಲ್ಕು ಕಾಲಾಣೆಗಳನ್ನು ಒಮ್ಮೆಗೇ ಕೊಟ್ಟವನಿಗೆ ಆರು ಸಂದರೆ, ನಾಲ್ಕು ಬಾರಿ ಬಿಡಿಬಿಡಿಯಾಗಿ ಕೊಟ್ಟವನಿಗೆ ಎಂಟು ಸಲ್ಲುತ್ತಿತ್ತು. ಎಂಟಾಣೆ ನಾಲ್ಕಾಣೆಗಳು ಐವತ್ತಕ್ಕೂ ಇಪ್ಪತ್ತೈದಕ್ಕೂ ಸರಿಯಾಗಿ ಕೂಡಿಬಂದುದರಿಂದ ಹೊಸ ನಾಣ್ಯಗಳ ನಡುವೆ ನಿರಾತಂಕವಾಗಿ ಉಳಿದುವು. ಲೆಕ್ಕಕ್ಕೆ ಕೂಡಿಬರುವ ನಾಣ್ಯವು ಬಾಳುತ್ತದೆ, ಬಾರದುದು ಸಾಯುತ್ತದೆ. ಇಂಗ್ಲೆಂಡಿನಲ್ಲಿಯೂ ಹೀಗೆಯೇ ಆಯಿತು: ೧೯೭೧ರಲ್ಲಿ ಅಲ್ಲಿಗೆ ದಶಮಾಂಶ ಪದ್ಧತಿ ಬಂದಾಗ, ೧೮೬೦ರಿಂದ ಕೈಯಿಂದ ಕೈಗೆ ಬಂದಿದ್ದ ಕಂಚಿನ ಪೆನ್ನಿಗಳು ಹೋದುವು, ಐದು ಹೊಸ ಪೆನ್ಸಿಗೆ ಸರಿಯಾದ ಷಿಲಿಂಗು ಮಾತ್ರ ೧೯೯೦ರವರೆಗೆ ನಡೆಯಿತು. ನಮ್ಮಲ್ಲಿ ನಯಾ ಎಂಬ ವಿಶೇಷಣವನ್ನು ೧೯೬೪ರಲ್ಲಿ ಕೈಬಿಟ್ಟರು. ಇಪ್ಪತ್ತೈದು ಪೈಸೆಯೂ ಅದಕ್ಕಿಂತ ಕಿರಿದಾದ ನಾಣ್ಯಗಳೂ ೨೦೧೧ರ ಜೂನ್ ೩೦ರಿಂದ ಸಲ್ಲದಾದುವು. ಅಲ್ಲಿಯವರೆಗೂ ಕನ್ನಡಿಗರು ಆ ನಾಣ್ಯವನ್ನು ನಾಲ್ಕಾಣೆ ಎಂದೇ ಕರೆಯುತ್ತಿದ್ದರು.

ನಮ್ಮ ಸಾಮಗ್ರಿಯ ಒಂದು ಕೊರತೆಯನ್ನು ಇಲ್ಲಿ ಹೇಳಲೇಬೇಕು. ೧೮೭೮ರ ನಿಧಿ ಕಾಯಿದೆಯು ಮಣ್ಣಿನಲ್ಲಿ ಹುದುಗಿದ್ದು ದೊರೆತ, ಹತ್ತು ರೂಪಾಯಿಗೆ ಮೀರಿದ ಬೆಲೆಯ ವಸ್ತುವನ್ನು ಕುರಿತು ಕಲೆಕ್ಟರಿಗೆ ತಿಳಿಸಬೇಕೆಂದು ವಿಧಿಸಿತು. ವಸ್ತುಸಂಗ್ರಹಾಲಯಗಳಿಗೆ ಈ ದಾರಿಯಿಂದ ಬಂದುದು ಹೆಚ್ಚಾಗಿ ಚಿನ್ನ ಬೆಳ್ಳಿಗಳ ಕುಡಿಕೆಗಳು, ಎಂದರೆ ಚಲಾವಣೆಯಿಂದ ಬುದ್ಧಿಪೂರ್ವಕವಾಗಿ ಹೊರಗಿಟ್ಟ ನಾಣ್ಯಗಳು. ಶೆಟ್ಟಿಯ ಗಲ್ಲೆಯಲ್ಲಿ, ದೇವಸ್ಥಾನದ ಹುಂಡಿಯಲ್ಲಿ, ಕಂಚುಗಾರನ ಹಳೆಯ ತಾಮ್ರದ ರಾಶಿಯಲ್ಲಿ ಇದ್ದ ಬಿಡಿಗಾಸಿಗೆ ಆ ಕಾಯಿದೆಯು ಅನ್ವಯಿಸುವುದಿಲ್ಲ. ಅದನ್ನು ಯಾರೂ ಪಟ್ಟಿಮಾಡಲಿಲ್ಲ. ಡಾ. ಎ. ವಿ. ನರಸಿಂಹಮೂರ್ತಿಯವರು ೧೯೭೫ರಲ್ಲಿ ಪ್ರಕಟಿಸಿದ ಕರ್ನಾಟಕದ ನಾಣ್ಯಗಳನ್ನು ಕುರಿತ ಗ್ರಂಥವು ಅಚ್ಚುಗಳ ವರ್ಗೀಕರಣಕ್ಕೆ ಭದ್ರವಾದ ಆಧಾರವನ್ನು ಒದಗಿಸಿದೆ. ಅದರ ಮೇಲೆ ಇನ್ನು ನಡೆಯಬೇಕಾದುದು ತೂಕದ ಕೆಲಸ. ಸಂಗ್ರಹಾಲಯಗಳಲ್ಲಿ ನಕಲುಗಳೆಂದು ಮೂಲೆಗಿಟ್ಟ ಆನೆಯ ದುಡ್ಡುಗಳನ್ನು, ವರ್ಷವನ್ನು ಓದಲು ಬರುವಂಥವನ್ನು ಆರಿಸಿಕೊಂಡು, ಒಂದೊಂದನ್ನೂ ತೂಗಿ, ಸವೆತವನ್ನು ಬರೆದಿಟ್ಟರೆ, ತಾಮ್ರವು ಈ ಸೀಮೆಯ ಕೈಗಳಲ್ಲಿ ಎಷ್ಟರಮಟ್ಟಿಗೆ ಕರಗಿತೆಂಬ ಒಂದು ಅಳತೆಯು ನಮಗೆ ದೊರೆಯುತ್ತದೆ. ಟಿಪ್ಪುವಿನ ನಾಣ್ಯಗಳಲ್ಲಿ ವರ್ಷವೂ ಟಂಕಸಾಲೆಯೂ ಇರುವುದರಿಂದ ಅವುಗಳಿಂದಲೇ ಆರಂಭಿಸುವುದು ಲೇಸು. ಚಂದ್ರವಳ್ಳಿಯ ದೆನಾರಿಯಸ್‌ಗಳ ಸವೆತವನ್ನು ಅವುಗಳಂತೆಯೇ ಬೆಳ್ಳಿಯದಾದ, ಗಣತಿಗೆ ಒಳಪಟ್ಟ ರೂಪಾಯಿಯೊಡನೆ ಹೋಲಿಸುವ ಕೆಲಸವು ಅದರ ಅನಂತರದ್ದು.