ತಾಯಿ, ಮಗುವಿಗೆ ಯಾವ ಹಾಲು ಸರಿ? ಕೆಜಿಎಫ್, ಬಂಗಾರಪೇಟೆ ಮನೆಗಳಿಗೊಂದು ಕೈಪಿಡಿ

ಕೆಜಿಎಫ್/ಬಂಗಾರಪೇಟೆ: ಮನೆಗೆ ಹಸುಗೂಸು ಬಂತೆಂದರೆ ಸಲಹೆಗಳಿಗೆ ಬರವಿಲ್ಲ. ಒಬ್ಬರು ಹಸುವಿನ ಹಾಲಿಗೆ ನೀರು ಬೆರೆಸಿ ಕೊಡಿ ಅಂತಾರೆ, ಇನ್ನೊಬ್ಬರು ಡಬ್ಬಿ ಹಾಲು ತನ್ನಿ ಅಂತಾರೆ, ಮತ್ತೊಬ್ಬರು ಕತ್ತೆ ಹಾಲು ಕುಡಿಸಿದರೆ ಕೆಮ್ಮು ಬರಲ್ಲ ಅಂತಾರೆ. ಯಾವುದನ್ನು ಕೇಳಬೇಕು, ಯಾವುದನ್ನು ಬಿಡಬೇಕು ಎಂಬ ಮಾಹಿತಿ ಇಲ್ಲಿದೆ.

ಮೊದಲ 6 ತಿಂಗಳು

ಹುಟ್ಟಿದ ಒಂದು ಗಂಟೆಯೊಳಗೆ ಎದೆಹಾಲು ಶುರು ಮಾಡಬೇಕು. ಮೊದಲ ದಿನಗಳ ಹಳದಿ ಗಿಣ್ಣು ಹಾಲನ್ನು ಹಿಂಡಿ ಚೆಲ್ಲಬಾರದು, ಮಗುವಿಗೆ ರೋಗನಿರೋಧಕ ಶಕ್ತಿ ಕೊಡುವುದೇ ಅದು. 6 ತಿಂಗಳು ತುಂಬುವವರೆಗೆ ಎದೆಹಾಲು ಮಾತ್ರ ಸಾಕು. ಬೇಸಿಗೆಯಲ್ಲೂ ನೀರು ಬೇಡ, ಸಕ್ಕರೆ ನೀರು ಬೇಡ. ಜೇನುತುಪ್ಪವನ್ನಂತೂ ಒಂದು ವರ್ಷದವರೆಗೆ ನೆಕ್ಕಿಸಲೇಬಾರದು. ಆರು ತಿಂಗಳ ನಂತರ ಮೆತ್ತನೆಯ ಊಟದ ಜೊತೆ 2 ವರ್ಷ ಹಾಗೂ ಅದಕ್ಕೂ ಮೀರಿ ಎದೆಹಾಲು ಮುಂದುವರಿಸಬಹುದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ.

'ಹಾಲು ಸಾಲ್ತಿಲ್ಲ' ಎಂಬ ಚಿಂತೆ ಬಹುತೇಕ ಬಾಣಂತಿಯರಿಗೆ ಬರುತ್ತದೆ. ಮೊದಲ ವಾರ ಕಳೆದ ಮೇಲೆ ಮಗು ದಿನಕ್ಕೆ 6 ಸಲಕ್ಕಿಂತ ಹೆಚ್ಚು ಮೂತ್ರ ಮಾಡುತ್ತಿದ್ದು, ತೂಕ ಏರುತ್ತಿದ್ದರೆ ಹಾಲು ಸಾಕಾಗುತ್ತಿದೆ ಎಂದರ್ಥ. ಮಗು ಚೀಪಿದಷ್ಟೂ ಹಾಲು ಹೆಚ್ಚುತ್ತದೆ. ಬಾಟಲಿ ಶುರುವಾದರೆ ಚೀಪುವುದು ಕಡಿಮೆಯಾಗಿ ಹಾಲೂ ಇಳಿಯುತ್ತದೆ.

ಹಸು, ಎಮ್ಮೆ, ಮೇಕೆ, ಕತ್ತೆ ಹಾಲು

ಹಸುವಿನ ಹಾಲಿನಲ್ಲಿ ಪ್ರೋಟೀನ್ ತಾಯಿಯ ಹಾಲಿನ ಸುಮಾರು ಮೂರು ಪಟ್ಟು ಇರುತ್ತದೆ. ಎಳೆಯ ಮೂತ್ರಪಿಂಡಕ್ಕೆ ಅದು ಭಾರ. ಕಬ್ಬಿಣದಂಶವೂ ಕಡಿಮೆ ಇರುವುದರಿಂದ ರಕ್ತಹೀನತೆ ಬರುತ್ತದೆ. ನೀರು ಬೆರೆಸಿದರೆ ಪೋಷಣೆಯೇ ಹೋಗುತ್ತದೆ. ಆದ್ದರಿಂದ ಒಂದು ವರ್ಷದವರೆಗೆ ಇದು ಮುಖ್ಯ ಹಾಲಾಗಬಾರದು. ಎಮ್ಮೆ ಹಾಲಿನಲ್ಲಿ ಕೊಬ್ಬು ಇನ್ನೂ ಜಾಸ್ತಿ. ಮೇಕೆ ಹಾಲಿನಲ್ಲಿ ಫೋಲೇಟ್ ತೀರಾ ಕಡಿಮೆ. ಬೀದಿಯಲ್ಲಿ ಒಳಲೆ ಲೆಕ್ಕದಲ್ಲಿ ಮಾರುವ ಕತ್ತೆ ಹಾಲನ್ನು ಹಸಿಯಾಗಿಯೇ ಕುಡಿಸುವುದರಿಂದ ಸೋಂಕಿನ ಭಯ ಇದೆ.

ಡಬ್ಬಿ ಹಾಲು ಕೊಡಲೇಬೇಕಾದರೆ

ವೈದ್ಯರು ಹೇಳಿದಾಗ ಮಾತ್ರ. ಶಿಶು ಹಾಲಿನ ಪುಡಿ, ಬಾಟಲಿಗಳ ಜಾಹೀರಾತು, ಉಚಿತ ಸ್ಯಾಂಪಲ್ ಹಂಚುವುದನ್ನು 1992ರ ಕಾಯ್ದೆಯೇ ನಿಷೇಧಿಸಿದೆ. ಪುಡಿ ಉಳಿಸಲು ಹೋಗಿ ತೆಳ್ಳಗೆ ಕಲಸಿದರೆ ಮಗು ಸೊರಗುತ್ತದೆ. ಡಬ್ಬಿ ಮೇಲೆ ಬರೆದ ಅಳತೆಯನ್ನೇ ಪಾಲಿಸಿ. ಬಾಟಲಿ ಬದಲು ಕುದಿಸಿದ ಒಳಲೆ ಅಥವಾ ಲೋಟ ಬಳಸಿ.

ನಮ್ಮ ಜಿಲ್ಲೆಯವರು ಗಮನಿಸಬೇಕಾದ ಇನ್ನೊಂದು ವಿಷಯ ನೀರು. ಕೋಲಾರ ಜಿಲ್ಲೆಯ ಹಲವೆಡೆ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಕುದಿಸಿದರೆ ಕ್ರಿಮಿ ಸಾಯುತ್ತದೆ, ಫ್ಲೋರೈಡ್ ಹೋಗಲ್ಲ. ಹೀಗಾಗಿ ಪುಡಿ ಕಲಸಲು ಶುದ್ಧ ನೀರಿನ ಘಟಕದ ನೀರನ್ನೇ ತಂದು, ಅದನ್ನೂ ಕುದಿಸಿ ಬಳಸಬೇಕು. ತಾಯಿ ಫ್ಲೋರೈಡ್ ನೀರು ಕುಡಿದರೂ ಎದೆಹಾಲಿಗೆ ಅದು ಸೇರುವುದು ತೀರಾ ಅತ್ಯಲ್ಪ.

ರೈಲಿಗೆ ಹೋಗುವ ತಾಯಂದಿರಿಗೆ

2001ರಲ್ಲಿ ಗಣಿ ಮುಚ್ಚಿದ ಮೇಲೆ ಮಾರಿಕುಪ್ಪಂ, ಬಂಗಾರಪೇಟೆ ರೈಲುಗಳಲ್ಲಿ ಬೆಂಗಳೂರಿಗೆ ದುಡಿಯಲು ಹೋಗಿಬರುವವರೇ ಹೆಚ್ಚು. ಮುಂಜಾನೆ ಹೊರಟರೆ ಮನೆ ಸೇರುವುದು ರಾತ್ರಿ. ಇಂಥ ತಾಯಂದಿರು ಎದೆಹಾಲು ನಿಲ್ಲಿಸಬೇಕಿಲ್ಲ. ಕೈ ತೊಳೆದು, ಕುದಿಸಿದ ಸ್ಟೀಲ್ ಪಾತ್ರೆಗೆ ಹಾಲು ಹಿಂಡಿ ಮುಚ್ಚಿಡಬಹುದು. ಹೊರಗೆ ತಂಪಾದ ಜಾಗದಲ್ಲಿ 4 ಗಂಟೆ, ಫ್ರಿಜ್‌ನಲ್ಲಿ 24 ಗಂಟೆ ಇಡಬಹುದು. ಕುಡಿಸುವಾಗ ಒಲೆ ಮೇಲೆ ಕಾಯಿಸದೆ, ಬಿಸಿನೀರಿನ ಪಾತ್ರೆಯಲ್ಲಿಟ್ಟು ಬೆಚ್ಚಗೆ ಮಾಡಿ ಒಳಲೆಯಲ್ಲಿ ಕುಡಿಸಬೇಕು. ಕಾನೂನಿನ ಪ್ರಕಾರ ಮೊದಲ ಎರಡು ಹೆರಿಗೆಗೆ 26 ವಾರ ಸಂಬಳ ಸಹಿತ ರಜೆ ಉಂಟು. 50 ಅಥವಾ ಅದಕ್ಕಿಂತ ಹೆಚ್ಚು ಕೆಲಸಗಾರರಿರುವ ಕಡೆ ಶಿಶುಪಾಲನಾ ಕೇಂದ್ರ ಇರಬೇಕು. ಕೇಳಿ ಪಡೆಯಿರಿ.

ತಾಯಿಗೆ ಯಾವ ಹಾಲು?

ಕಾಯಿಸಿದ ಯಾವ ಹಾಲಾದರೂ ಆದೀತು. ನಂದಿನಿ ನೀಲಿ ಪ್ಯಾಕೆಟ್ ಟೋನ್ಡ್ ಹಾಲಿನಲ್ಲಿ ಕೊಬ್ಬು ಶೇ 3. ದುಬಾರಿ ಪುಡಿಗಳ ಅಗತ್ಯವಿಲ್ಲ. ಡೇರಿಗೆ ಹಾಕುವ ಮನೆಯ ಹಸುವಿನ ಹಾಲನ್ನೂ ಹಸಿಯಾಗಿ ಕುಡಿಯಬೇಡಿ, ಬ್ರುಸೆಲ್ಲೋಸಿಸ್ ಬರಬಹುದು. ಹಾಲು ಸೇರದಿದ್ದರೆ ಮೊಸರು, ಮಜ್ಜಿಗೆ, ಅದರ ಜೊತೆ ನಮ್ಮ ರಾಗಿ ಮುದ್ದೆ. ರಾಗಿಯಲ್ಲೂ ಕ್ಯಾಲ್ಸಿಯಂ ಧಾರಾಳ. ಕಬ್ಬಿಣದ ಮಾತ್ರೆಯನ್ನು ಮಾತ್ರ ಹಾಲು, ಕಾಫಿ, ಟೀ ಜೊತೆ ನುಂಗಬೇಡಿ, ಮೈಗೆ ಹತ್ತುವುದಿಲ್ಲ.

2017ರಲ್ಲಿ ಶುರುವಾದ ಮಾತೃಪೂರ್ಣ ಯೋಜನೆಯಡಿ ಗರ್ಭಿಣಿ, ಬಾಣಂತಿಯರಿಗೆ ಅಂಗನವಾಡಿಯಲ್ಲಿ ಬಿಸಿಯೂಟ, ಮೊಟ್ಟೆ, ಹಾಲು ಸಿಗುತ್ತದೆ. ಹೆಸರು ನೋಂದಾಯಿಸದವರು ಹತ್ತಿರದ ಅಂಗನವಾಡಿಯಲ್ಲಿ ವಿಚಾರಿಸಿ.

ಒಂದು ವರ್ಷದ ನಂತರ

ಮಗುವಿಗೆ ಕಾಯಿಸಿದ ಹಸು ಅಥವಾ ಪ್ಯಾಕೆಟ್ ಹಾಲು ಕೊಡಬಹುದು, ಆದರೆ ದಿನಕ್ಕೆ ಅರ್ಧ ಲೀಟರ್ ಮೀರದಿರಲಿ. ಹೊಟ್ಟೆ ತುಂಬ ಹಾಲು ಕುಡಿದ ಮಗು ಊಟ ಮುಟ್ಟಲ್ಲ.

ಮಗು ಚೀಪದಿದ್ದರೆ, ಮಂಕಾಗಿದ್ದರೆ, ಮೂತ್ರ ಕಡಿಮೆಯಾದರೆ ಮನೆಮದ್ದಿಗೆ ಕಾಯದೆ ತಕ್ಷಣ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯಿರಿ.