ಹೆಸರಿತ್ತು, ಊರಿರಲಿಲ್ಲ

ಆಫ್ರಿಕದ ಪಶ್ಚಿಮ ತೀರದಾಚೆ, ಅಟ್ಲಾಂಟಿಕ್ ಸಾಗರದಲ್ಲಿ ಕೇಪ್ ವರ್ಡ್ ಎಂಬ ದ್ವೀಪಸಮೂಹವಿದೆ. ಅದರ ಬ್ರಾಂಕೊ ಮತ್ತು ರಾಸೊ ಎಂಬ ಎರಡು ನಿರ್ಜನ ಪುಟ್ಟ ದ್ವೀಪಗಳಲ್ಲಿ, ಜಗತ್ತಿನ ಬೇರೆಲ್ಲಿಯೂ ಇಲ್ಲದ ಒಂದು ಹಲ್ಲಿ ಬದುಕಿತ್ತು. ನಮ್ಮ ಹಿತ್ತಲಿನ ಹಾವುರಾಣಿಯ ಬಂಧುವೇ ಅದು. ಆದರೆ ಉದ್ದ ಸುಮಾರು ಎರಡು ಅಡಿ, ಆಹಾರ ಮುಖ್ಯವಾಗಿ ಸಸ್ಯಗಳು.

ಅದು ವಿಜ್ಞಾನದ ಗ್ರಂಥವನ್ನು ಸೇರಿದ ಬಗೆ ವಿಚಿತ್ರವಾದುದು. 1783ರಲ್ಲಿ ಪೋರ್ಚುಗಲ್ ತನ್ನ ವಸಾಹತುಗಳಿಗೆ ಪ್ರಕೃತಿತಜ್ಞರನ್ನು ಕಳುಹಿಸಿತು. ಅವರಲ್ಲಿ ಗಲ್ವಾಂವ್ ದ ಸಿಲ್ವ ಎಂಬಾತ ನಮ್ಮ ನೆರೆಯ ಗೋವೆಯ ಮಾರ್ಗವಾಗಿ ಮೊಜಾಂಬಿಕ್‌ಗೆ ಹೋದನು. ಜುವಾಂವ್ ದ ಸಿಲ್ವ ಫೇಜೊ ಕೇಪ್ ವರ್ಡ್‌ಗೆ ತೆರಳಿದನು. ಫೇಜೊ ಕಳುಹಿಸಿದ ವಸ್ತುಗಳೊಡನೆ ಈ ಹಲ್ಲಿಯೂ ಲಿಸ್ಬನ್ನಿನ ಅಜುದ ಸಂಗ್ರಹಾಲಯವನ್ನು ಸೇರಿತೆಂದು ವಿದ್ವಾಂಸರ ಊಹೆ.

ಮುಂದೆ ನೆಪೋಲಿಯನ್ನನ ಸೇನೆ ಲಿಸ್ಬನ್ನನ್ನು ಆಕ್ರಮಿಸಿತು. ಅದರ ಬೆನ್ನಿಗೇ, 1808ರಲ್ಲಿ, ಪ್ಯಾರಿಸ್ಸಿನ ಪ್ರಾಣಿಶಾಸ್ತ್ರಜ್ಞ ಜೊಫ್ರುವಾ ಸೇಂತ್-ಇಲೇರ್ ಬಂದು ಅಜುದದ ಸಂಗ್ರಹದಿಂದ ತನಗೆ ಬೇಕಾದುದನ್ನು ಪೆಟ್ಟಿಗೆ ತುಂಬಿಸಿಕೊಂಡು ಹೋದನು. ವಿದ್ಯೆಯ ಹೆಸರಿನಲ್ಲಿ ನಡೆದರೂ ಲೂಟಿ ಲೂಟಿಯೇ ಅಲ್ಲವೇ? 1839ರಲ್ಲಿ ದ್ಯುಮೇರಿಲ್ ಮತ್ತು ಬಿಬ್ರಾನ್ ಎಂಬ ಫ್ರೆಂಚ್ ವಿದ್ವಾಂಸರು ಅದನ್ನು ವರ್ಣಿಸಿ, ಅದೇ ತಾನೆ ತೀರಿಕೊಂಡಿದ್ದ ಕೊಕ್ತೊ ಎಂಬ ಸರೀಸೃಪತಜ್ಞನ ಹೆಸರಿಟ್ಟರು. ಊರು ಮಾತ್ರ ತಿಳಿಯದು. ಆಫ್ರಿಕದ ತೀರವೆಂದು ಬರೆದು ಸುಮ್ಮನಾದರು.

ಪಂಡಿತರಿಗೆ ತಿಳಿಯದ ಆ ವಿಳಾಸ ಕೇಪ್ ವರ್ಡ್‌ನ ಬೆಸ್ತರಿಗೆ ಚೆನ್ನಾಗಿ ತಿಳಿದಿತ್ತು. ಅವರು ಅದರ ಮಾಂಸಕ್ಕಾಗಿ, ಕೊಬ್ಬಿಗಾಗಿ ಬೇಟೆಯಾಡುತ್ತಿದ್ದರು. 1833ರ ಕ್ಷಾಮದಲ್ಲಿ ಕೆಲವು ಕೈದಿಗಳನ್ನು ಬ್ರಾಂಕೊ ದ್ವೀಪದಲ್ಲಿ ಬಿಟ್ಟುಬಂದರೆಂದೂ, ಅವರು ಮೀನು ಮತ್ತು ಈ ಹಲ್ಲಿಗಳನ್ನೇ ತಿಂದು ದಿನ ನೂಕಿದರೆಂದೂ ಹೇಳುತ್ತಾರೆ. ಹಸಿದವರನ್ನು ದೂಷಿಸಲು ನನ್ನ ಮನಸ್ಸೊಪ್ಪದು.

1870ರ ದಶಕದಲ್ಲಿ ಲಿಸ್ಬನ್ನಿನ ಬಾರ್ಬೋಜ ದು ಬೊಕಾಜ್ ಮೊದಲಾದವರಿಂದ ಅದರ ನೆಲೆ ಯೂರೋಪಿಗೆ ಖಚಿತವಾಗಿ ತಿಳಿಯಿತು. ತಿಳಿದದ್ದೇ ತಡ, ಸಂಗ್ರಹಕಾರರು ಹಡಗು ಹತ್ತಿದರು! ಇಟಲಿಯ ಪೆರಾಕ್ಕ ಎಂಬಾತ ಅವನ್ನು ಜೀವಂತವಾಗಿ ತರಿಸಿ ಸಾಕಿದನು. ಅವುಗಳ ನಡವಳಿಕೆಯ ಬಗ್ಗೆ ನಮಗಿಂದು ತಿಳಿದಿರುವುದರಲ್ಲಿ ಬಹುಪಾಲು ಆತ 1891ರಲ್ಲಿ ಬರೆದದ್ದು. ಬೇಟೆ, ಬರಗಾಲ, ಸಂಗ್ರಹ ಎಲ್ಲವೂ ಒಟ್ಟುಗೂಡಿ, ಇಪ್ಪತ್ತನೆಯ ಶತಮಾನದಲ್ಲಿ ಹಲ್ಲಿ ಕಾಣದಾಯಿತು. ಅದು ನಿರ್ನಾಮವಾಯಿತೆಂದು 2013ರಲ್ಲಿ ಅಧಿಕೃತವಾಗಿ ದಾಖಲಿಸಲಾಯಿತು.

1978ರ ಮಾರ್ಚ್ ತಿಂಗಳಲ್ಲಿ ಲಿಸ್ಬನ್ನಿನಲ್ಲಿ ಬೊಕಾಜ್‌ನ ಹೆಸರನ್ನೇ ಹೊತ್ತ ವಸ್ತುಸಂಗ್ರಹಾಲಯಕ್ಕೆ ಬೆಂಕಿ ಬಿದ್ದು ಅಲ್ಲಿಯ ಪ್ರಾಣಿಸಂಗ್ರಹ ಸುಟ್ಟು ಬೂದಿಯಾಯಿತು. ಜೊಫ್ರುವಾ ಹೊತ್ತೊಯ್ದ ಹಲ್ಲಿ ಪ್ಯಾರಿಸ್ಸಿನಲ್ಲಿ ಉಳಿದುಕೊಂಡಿದೆ.